ಗೇಟಿನ ಮುಂದೆ ಯಾರದೋ ಗಾಡಿ



ಬೆಳಿಗ್ಗೆ ಆರೂಕಾಲಕ್ಕೆ ನಮ್ಮ ಓಣಿಗೆ ಮೊದಲ ಬೈಕ್ ಬರುತ್ತದೆ. ಸ್ಟ್ಯಾಂಡ್ ಹಾಕುವ ಸದ್ದು, ಹ್ಯಾಂಡಲ್ ಲಾಕ್ ಮಾಡುವ ಸದ್ದು, ಮತ್ತೆ ನಿಲ್ದಾಣದ ಕಡೆಗೆ ಓಡುವ ಚಪ್ಪಲಿಯ ಸದ್ದು. ಏಳು ಗಂಟೆಯೊಳಗೆ ಪಾಗಾರದ ಉದ್ದಕ್ಕೂ ಬೈಕು, ಸ್ಕೂಟರುಗಳ ಸಾಲು. ಏಳೂವರೆಗೆ ಕಾರುಗಳೂ ಬಂದು ಸೇರುತ್ತವೆ. ಆಮೇಲೆ ಸಂಜೆಯ ರೈಲು ಬರುವವರೆಗೆ ಅವು ಅಲ್ಲಿಂದ ಅಲುಗುವುದಿಲ್ಲ. ನಮ್ಮದು ಹನ್ನೊಂದು ಮನೆಗಳ ಓಣಿ. ಹನ್ನೊಂದು ಮನೆಯವರ ಗಾಡಿಗಳೂ ಅಂಗಳದ ಒಳಗಿರುತ್ತವೆ. ಹೊರಗೆ ನಿಂತ ಗಾಡಿಗಳಲ್ಲಿ ಒಂದೂ ನಮ್ಮದಲ್ಲ.

ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಹಳಿಯ ಮೇಲೆ ಇರುವ ಸಣ್ಣ ನಿಲ್ದಾಣಗಳಲ್ಲಿ ನಮ್ಮೂರಿನದೂ ಒಂದು. ಮನೆಯಿಂದ ನಡೆದರೆ ನಾಲ್ಕು ನಿಮಿಷ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಎಳೆದಾಗ ನಾವು ಕೇರಳದವರಾದೆವು. ಆದರೆ ದೊಡ್ಡ ಆಸ್ಪತ್ರೆ, ಕಾಲೇಜು, ಜವುಳಿ ಅಂಗಡಿ, ಕೆಲಸ ಎಲ್ಲವೂ ನಮಗೆ ಮಂಗಳೂರೇ ಆಗಿ ಉಳಿಯಿತು. ಅದಕ್ಕೇ ಸೀಸನ್ ಟಿಕೆಟ್ ಕಿಸೆಯಲ್ಲಿಟ್ಟುಕೊಂಡು ದಿನವೂ ಗಡಿ ದಾಟುವವರು ನಮ್ಮ ಎಲ್ಲ ಇಗರ್ಜಿಗಳಲ್ಲೂ ಇದ್ದಾರೆ. ಮೊದಲು ಅವರು ಬಸ್ಸಿನಲ್ಲೋ ನಡೆದೋ ನಿಲ್ದಾಣಕ್ಕೆ ಬರುತ್ತಿದ್ದರು. ಈಗ ಮನೆಗೊಂದು ಎರಡು ಗಾಡಿ. ಹಿಂದೆ ಹೆದ್ದಾರಿಯ ಬದಿಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಲು ಜಾಗವಿತ್ತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥದ್ದಾದ ಮೇಲೆ ಆ ಬದಿಯೂ ಇಲ್ಲ, ಆ ಮರಗಳೂ ಇಲ್ಲ. ನಿಲ್ದಾಣದ ಪಾರ್ಕಿಂಗ್ ಜಾಗ ಬೆಳಿಗ್ಗೆಯೇ ತುಂಬುತ್ತದೆ. ಉಳಿದವು ನಮ್ಮ ಓಣಿಯ ಪಾಲಿಗೆ.

ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ. ‘ಗಾಡಿ ನಿಲ್ಲಿಸುವುದು ಕೂಡ ಒಂದು ವಿಷಯವೇ’ ಎಂದು ಕೆಲವರಿಗೆ ಅನಿಸಬಹುದು. ನಮಗೂ ಹಾಗೇ ಅನಿಸಿತ್ತು, ಹೋದ ವರ್ಷದ ಮಳೆಗಾಲದವರೆಗೆ.

ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತ ದಿನ

ಓಣಿಯ ಕೊನೆಯ ಮನೆಯಲ್ಲಿ ಎಂಬತ್ತೆರಡು ವರ್ಷದ ಅಜ್ಜಿಯೊಬ್ಬರಿದ್ದಾರೆ. ಆಟಿ ತಿಂಗಳ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು. ಮಗ ಊರಲ್ಲಿರಲಿಲ್ಲ, ಸೊಸೆ ಓಡಿ ಬಂದು ನಮ್ಮನ್ನು ಕರೆದಳು. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಓಣಿಯ ಬಾಯಲ್ಲೇ ನಿಂತಿತು. ಎಡಗಡೆ ಒಂದು ಕಾರು, ಬಲಗಡೆ ಅಡ್ಡಕ್ಕೆ ನಿಲ್ಲಿಸಿದ ಬೈಕುಗಳು. ಚಾಲಕ ಹಾರ್ನ್ ಹೊಡೆದೇ ಹೊಡೆದ. ಹಾರ್ನ್ ಕೇಳಬೇಕಾದವರು ಆ ಹೊತ್ತಿಗೆ ನೇತ್ರಾವತಿ ಸೇತುವೆ ದಾಟಿರಬೇಕು.

ಬೈಕುಗಳನ್ನು ನಾಲ್ಕು ಮಂದಿ ಸೇರಿ ಎತ್ತಿ ಸರಿಸಿದೆವು. ಕಾರನ್ನು ಏನು ಮಾಡುವುದು? ಕೊನೆಗೆ ಸ್ಟ್ರೆಚರ್ ತಿರುಗಿಸಲೂ ಜಾಗ ಸಾಲದೆ ಅಜ್ಜಿಯನ್ನು ಊಟದ ಮೇಜಿನ ಕುರ್ಚಿಯಲ್ಲಿ ಕೂರಿಸಿ, ಮಳೆಗೆ ಮೇಲಿನಿಂದ ಎರಡು ಕೊಡೆ ಹಿಡಿದು, ಓಣಿಯ ಬಾಯಿಯವರೆಗೆ ಹೊತ್ತೆವು. ಸೊಂಟ ಮುರಿದವರನ್ನು ಹಾಗೆ ಹೊರಬಾರದು ಎಂದು ಆಮೇಲೆ ಡಾಕ್ಟರು ಬೈದರು. ಬೈದದ್ದು ಸರಿ. ದಾರಿಯುದ್ದಕ್ಕೂ ಆ ಹಿರಿಯ ಜೀವ ನರಳಿದ್ದು ನಮಗೆ ಇಂದಿಗೂ ಕೇಳಿಸುತ್ತದೆ. ಆಪರೇಶನ್ ಆಗಿ, ಎರಡು ತಿಂಗಳಲ್ಲಿ ವಾಕರ್ ಹಿಡಿದು ನಡೆಯುವಂತಾದರು. ದೇವರು ದೊಡ್ಡವನು.

ಆದರೆ ನಮ್ಮೊಳಗೆ ಹೊತ್ತಿಕೊಂಡ ಸಿಟ್ಟು ಆರಲಿಲ್ಲ.

ನಾವು ಮಾಡಿದ ತಪ್ಪು

ಮರುದಿನ ಗೇಟಿನ ಎರಡೂ ಬದಿಗೆ ಕೆಂಪು ಕಲ್ಲು ಇಟ್ಟೆವು. ಪಾಗಾರದ ಮೇಲೆ ದಪ್ಪ ಅಕ್ಷರದಲ್ಲಿ ‘ನೋ ಪಾರ್ಕಿಂಗ್’ ಎಂದು ಬರೆಸಿದೆವು. ಪಕ್ಕದ ಮನೆಯವರು ಹಳೆಯ ಟಯರಿಗೆ ಸಿಮೆಂಟ್ ತುಂಬಿ ಕಂಬ ನೆಟ್ಟರು. ಎದುರು ಮನೆಯವರು ಹೂಕುಂಡಗಳ ಸಾಲು ಇಟ್ಟರು. ಒಂದು ವಾರದಲ್ಲಿ ನಮ್ಮ ಓಣಿ ಗಡಿ ತಪಾಸಣೆಯ ಠಾಣೆಯ ಹಾಗೆ ಆಯಿತು. ಗಾಡಿಗಳೇನೂ ಕಡಿಮೆಯಾಗಲಿಲ್ಲ. ಕಲ್ಲಿದ್ದ ಕಡೆಯಿಂದ ಕಲ್ಲಿಲ್ಲದ ಕಡೆಗೆ ಹೋದವು, ಅಷ್ಟೆ. ಕಲ್ಲಿಡಲು ಗತಿಯಿಲ್ಲದ ವಿಧವೆಯೊಬ್ಬರ ಮನೆಯ ಮುಂದೆ ಎರಡರಷ್ಟಾದವು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ದಿನ ನಮ್ಮ ಗೇಟಿಗೆ ಒತ್ತಿಕೊಂಡೇ ಒಂದು ನೀಲಿ ಸ್ಕೂಟರ್ ನಿಂತಿತ್ತು. ಅದರ ಚಕ್ರದ ಗಾಳಿ ಬಿಟ್ಟದ್ದು ನಾವು. ಮಕ್ಕಳಿಗೆ ಧರ್ಮೋಪದೇಶ ಕಲಿಸಿದ ಕೈಗಳು, ಹಗಲು ಹನ್ನೊಂದು ಗಂಟೆಗೆ, ಆಚೀಚೆ ನೋಡಿ.

ರಾತ್ರಿ ಎಂಟೂವರೆ. ಜಡಿಮಳೆ. ಗೇಟಿನ ಹೊರಗೆ ರೈನ್‌ಕೋಟ್ ಹಾಕಿಕೊಂಡ ಹುಡುಗಿಯೊಬ್ಬಳು ಟಾರ್ಚ್ ಹಿಡಿದು ಚಕ್ರ ನೋಡುತ್ತಾ ನಿಂತಿದ್ದಳು. ‘ಆಂಟಿ...’ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ನಾವು ಸೈಕಲ್ ಪಂಪ್ ಹಿಡಿದು ಹೊರಗೆ ಬಂದಿದ್ದೆವು. ಗಾಳಿ ಹಾಕಿ ಕೊಟ್ಟೆವು. ಮಳೆ ಸ್ವಲ್ಪ ಬಿಡಲಿ ಎಂದು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆವು. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮನೆ ಒಳನಾಡಿನಲ್ಲಿ, ಒಂಬತ್ತು ಕಿಲೋಮೀಟರ್ ಆಚೆ. ‘ಬೆಳಿಗ್ಗೆಯ ಬಸ್ ಹಿಡಿದರೆ ರೈಲು ಸಿಗುವುದಿಲ್ಲ ಆಂಟಿ. ರಾತ್ರಿ ಇಳಿದರೆ ಬಸ್ಸೇ ಇಲ್ಲ. ಸ್ಟೇಶನ್ನಿನಲ್ಲಿ ಜಾಗ ಇದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ,’ ಎಂದಳು. ಯಾರನ್ನೂ ದೂರಲಿಲ್ಲ. ಲೋಟ ತೊಳೆದಿಟ್ಟು ಹೋದಳು.

ಅದೇ ರಾತ್ರಿ ಮಗನಿಗೆ ಫೋನ್ ಮಾಡಿದೆವು. ಅವನಿರುವುದು ಹೊಸೂರಿನಲ್ಲಿ, ಬಾಡಿಗೆ ಕಡಿಮೆ ಎಂದು. ಕೆಲಸ ಬೆಂಗಳೂರಿನಲ್ಲಿ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೋ ಮಾರ್ಗ ಉದ್ಘಾಟನೆಯಾದ ಮೇಲೆ ಅವನಿಗೆ ಅನುಕೂಲವಾಗಿದೆ. ಹೊಸೂರಿನಿಂದ ಬೈಕಿನಲ್ಲಿ ಬೊಮ್ಮಸಂದ್ರ, ಅಲ್ಲಿಂದ ಮೆಟ್ರೋ. ‘ಬೈಕ್ ಎಲ್ಲಿ ಇಡುತ್ತೀ?’ ಎಂದು ಕೇಳಿದೆವು. ‘ಅಲ್ಲೇ ಹಿಂದುಗಡೆ ಒಂದು ಬೀದಿ ಉಂಟು ಅಪ್ಪ, ಮನೆಗಳಿರುವ ಬೀದಿ. ಯಾರೂ ಏನೂ ಹೇಳುವುದಿಲ್ಲ.’

ಯಾರೂ ಏನೂ ಹೇಳುವುದಿಲ್ಲವಂತೆ. ಅಲ್ಲಿಯೂ ಒಬ್ಬ ಅಜ್ಜಿ ಇರಬಹುದು. ಅಲ್ಲಿಯೂ ಯಾರೋ ಗಾಳಿ ಬಿಡಬಹುದು. ಆ ರಾತ್ರಿ ನಮಗೆ ನಿದ್ದೆ ಸರಿಯಾಗಿ ಬರಲಿಲ್ಲ.

ರಸ್ತೆ ಯಾರದು?

ಮರುದಿನದಿಂದ ತಿಳಿದವರನ್ನು ಕೇಳಲು ಹೊರಟೆವು. ಕಾನೂನು ಏನು ಹೇಳುತ್ತದೆ? ಬಹಳ ಮಂದಿಗೆ ಇದರ ಬಗ್ಗೆ ತಪ್ಪು ತಿಳುವಳಿಕೆ ಇದೆ, ನಮಗೂ ಇತ್ತು.

ಮೊದಲನೆಯದು: ನಮ್ಮ ಪಾಗಾರದ ಹೊರಗಿನ ರಸ್ತೆ ನಮ್ಮದಲ್ಲ, ಸಾರ್ವಜನಿಕರದು. ನಾವು ಬರೆಸಿದ ‘ನೋ ಪಾರ್ಕಿಂಗ್’ ಬರಹಕ್ಕೆ ಕಾನೂನಿನ ಬಲವಿಲ್ಲ. ಪಾರ್ಕಿಂಗ್ ಜಾಗ ಯಾವುದು ಎಂದು ಗೊತ್ತುಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ರಾಜ್ಯ ಸರಕಾರಕ್ಕೆ, ಅಥವಾ ಅದು ನೇಮಿಸಿದ ಅಧಿಕಾರಿಗೆ ಇದೆ. ಅವರು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ಮಾಡಬೇಕು. ರಸ್ತೆಯಲ್ಲಿ ನಾವಿಟ್ಟ ಕಲ್ಲು, ಕಂಬ, ಹೂಕುಂಡ ಇವೂ ಅಡ್ಡಿಯೇ. ರಾತ್ರಿ ಯಾರಾದರೂ ಎಡವಿ ಬಿದ್ದರೆ ಹೊಣೆ ನಮ್ಮದೇ.

ಎರಡನೆಯದು: ರಸ್ತೆ ಸಾರ್ವಜನಿಕರದು ಎಂದ ಮಾತ್ರಕ್ಕೆ ಹೇಗೆ ಬೇಕಾದರೂ ಗಾಡಿ ನಿಲ್ಲಿಸುವಂತಿಲ್ಲ. ಇತರರಿಗೆ ಅಪಾಯವೋ ಅಡ್ಡಿಯೋ ಅನುಚಿತ ತೊಂದರೆಯೋ ಆಗುವಂತೆ ಗಾಡಿ ಬಿಟ್ಟುಹೋಗುವುದನ್ನು ಅದೇ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸುತ್ತದೆ. ಕಟ್ಟಡದ ಪ್ರವೇಶದ್ವಾರಕ್ಕೆ ಅಡ್ಡವಾಗಿ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ತಿರುವಿನಲ್ಲಿ, ಕಾಲುದಾರಿಯ ಮೇಲೆ, ಇನ್ನೊಂದು ಗಾಡಿಗೆ ಎದುರುಬದುರಾಗಿ ನಿಲ್ಲಿಸಬಾರದೆಂದೂ ಇತ್ತು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು.

ಮೂರನೆಯದು ನಮಗೆ ಹೊಸದು: ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ನಿಂತ ಗಾಡಿಯನ್ನು ಎಳೆದೊಯ್ಯಲು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಇದು 127ನೇ ಸೆಕ್ಷನ್. ಬೆಳಿಗ್ಗೆ ಏಳಕ್ಕೆ ಇಟ್ಟು ರಾತ್ರಿ ಎಂಟಕ್ಕೆ ತೆಗೆಯುವ ರೈಲು ಪ್ರಯಾಣಿಕರೇ, ಲೆಕ್ಕ ಹಾಕಿ ನೋಡಿ.

ಒಟ್ಟಿನಲ್ಲಿ ಕಾನೂನು ಹೇಳುವುದು ನಮ್ಮ ಹಿರಿಯರು ಹೇಳುತ್ತಿದ್ದುದನ್ನೇ. ದಾರಿ ಎಲ್ಲರದು. ನಡೆಯುವವನ ದಾರಿಯನ್ನು ನಿಂತವನು ಕಟ್ಟಬಾರದು.

ಬೇರೆಯವರು ಏನು ಮಾಡಿದರು?

ಈ ತೊಂದರೆ ಹೊಸದೇನಲ್ಲ, ನಮ್ಮೂರಿಗೆ ಮಾತ್ರ ಬಂದದ್ದೂ ಅಲ್ಲ. ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನ ಪಕ್ಕದಲ್ಲಿ, ವರ್ಜೀನಿಯಾ ರಾಜ್ಯಕ್ಕೆ ಸೇರಿದ ಆರ್ಲಿಂಗ್ಟನ್ ಎಂಬ ಕೌಂಟಿ ಇದೆ. ಅಲ್ಲಿನ ಒಂದು ವಸತಿ ಪ್ರದೇಶದ ಹತ್ತಿರ ದೊಡ್ಡ ದೊಡ್ಡ ಕಚೇರಿ ಕಟ್ಟಡಗಳು ಎದ್ದವು. ಕೆಲಸಕ್ಕೆ ಬರುವವರೆಲ್ಲ ಮನೆಗಳ ಮುಂದೆ ಕಾರು ನಿಲ್ಲಿಸತೊಡಗಿದರು. ಆಡಳಿತ 1970ರ ದಶಕದಲ್ಲಿ ಒಂದು ನಿಯಮ ತಂದಿತು: ಕೆಲಸದ ದಿನಗಳಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಆ ಬೀದಿಗಳಲ್ಲಿ ಪರವಾನಿಗೆ ಇದ್ದವರು ಮಾತ್ರ ಗಾಡಿ ನಿಲ್ಲಿಸಬೇಕು. ಪರವಾನಿಗೆ ಸಿಗುವುದು ಅಲ್ಲಿ ವಾಸಿಸುವವರಿಗೆ, ಅವರ ಮನೆಗೆ ಕೆಲಸಕ್ಕೆ ಬರುವವರಿಗೆ, ನೆಂಟರಿಗೆ. ‘ಇದು ತಾರತಮ್ಯ, ರಸ್ತೆ ಎಲ್ಲರದು’ ಎಂದು ಹೊರಗಿನಿಂದ ಬರುವವರು ಕೋರ್ಟಿಗೆ ಹೋದರು. ರಾಜ್ಯದ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಆದರೆ 1977ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಗದ್ದಲ, ಹೊಗೆ, ಅಪಘಾತ, ಕಸ ಇವನ್ನು ಕಡಿಮೆ ಮಾಡಿ ವಸತಿ ಬೀದಿಯನ್ನು ವಾಸಕ್ಕೆ ಯೋಗ್ಯವಾಗಿಡಲು ಊರಿನವರು ಇಂಥ ನಿಯಮ ಮಾಡಬಹುದು ಎಂಬುದು ಅದರ ಅಭಿಪ್ರಾಯವಾಗಿತ್ತು.

ಜಪಾನಿನವರು ಇನ್ನೊಂದು ದಾರಿ ಹಿಡಿದರು. 1962ರಲ್ಲೇ ಅಲ್ಲಿ ಒಂದು ಕಾನೂನು ಬಂತು. ಕಾರು ಕೊಳ್ಳುವ ಮೊದಲು ಅದನ್ನು ನಿಲ್ಲಿಸಲು ನಿಮಗೆ ಜಾಗವಿದೆ ಎಂಬುದನ್ನು ತೋರಿಸಬೇಕು, ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಈಗಿನ ನಿಯಮದ ಪ್ರಕಾರ ಆ ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಇರಬೇಕು. ದನ ಕೊಳ್ಳುವ ಮೊದಲು ಹಟ್ಟಿ ಕಟ್ಟು ಎಂದ ಹಾಗೆ.

ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಿನ ಹಳೆಯ ಪೇಟೆಯಲ್ಲಿ 1993ರಲ್ಲಿ ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಲು ಮೀಟರ್ ಹಾಕಿದರು. ಅಂಗಡಿಯವರು ಮೊದಲು ವಿರೋಧಿಸಿದರು. ಬಂದ ಹಣವನ್ನು ಅದೇ ಬೀದಿಗಳ ಕಾಲುದಾರಿ, ದೀಪ, ಮರ, ಶುಚಿತ್ವಕ್ಕೆ ಖರ್ಚು ಮಾಡುತ್ತೇವೆ ಎಂದು ನಗರಾಡಳಿತ ಮಾತು ಕೊಟ್ಟ ಮೇಲೆ ಒಪ್ಪಿದರು. ತೊಂದರೆ ಅನುಭವಿಸುವವರಿಗೇ ಅದರ ಆದಾಯ ಹೋಗಬೇಕು ಎಂಬ ಈ ವಿಚಾರವನ್ನು ಡೊನಾಲ್ಡ್ ಶೂಪ್ ಎಂಬ ಪ್ರಾಧ್ಯಾಪಕರು 2005ರಲ್ಲಿ ಬರೆದ ದೊಡ್ಡ ಪುಸ್ತಕದಲ್ಲಿ ವಿವರಿಸಿದರು. ‘ಪುಕ್ಕಟೆ ಪಾರ್ಕಿಂಗ್ ಎಂಬುದು ಪುಕ್ಕಟೆ ಅಲ್ಲ, ಅದರ ಬೆಲೆಯನ್ನು ಬೇರೆ ಯಾರೋ ಕೊಡುತ್ತಿರುತ್ತಾರೆ’ ಎಂಬುದು ಅವರ ವಾದದ ಸಾರ. ನಮ್ಮ ಓಣಿಯಲ್ಲಿ ಅದರ ಬೆಲೆ ಕೊಟ್ಟದ್ದು ಅಜ್ಜಿ.

ನಮ್ಮ ದೇಶದಲ್ಲೂ ಯೋಚನೆ ನಡೆಯದೆ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಪಾರ್ಕಿಂಗ್ ಜಾಗಕ್ಕೆ ಅದರ ನೆಲದ ಬೆಲೆಗೆ ತಕ್ಕ ಶುಲ್ಕ ಇರಬೇಕು, ಗಾಡಿ ನಿಲ್ಲಿಸಿ ಬಸ್ಸೋ ರೈಲೋ ಹತ್ತುವ ಸೌಕರ್ಯ ಬೇಕು ಎಂದು ಹೇಳಿದೆ. ಬೆಂಗಳೂರಿಗಾಗಿ ಮಾಡಿದ ‘ಪಾರ್ಕಿಂಗ್ ನೀತಿ 2.0’ ವಸತಿ ಬೀದಿಗಳಲ್ಲಿ ಗಾಡಿಯ ಗಾತ್ರ ನೋಡಿ ವರ್ಷದ ಶುಲ್ಕ ಪಡೆದು ಪರವಾನಿಗೆ ಕೊಡಬೇಕೆಂದು ಸೂಚಿಸಿತು. 2023ರ ಆಗಸ್ಟ್ 6ರಂದು ಶಿಲಾನ್ಯಾಸವಾದ ಅಮೃತ ಭಾರತ ನಿಲ್ದಾಣಗಳ ಪಟ್ಟಿಯಲ್ಲಿ ನಮ್ಮ ಕಾಸರಗೋಡು ನಿಲ್ದಾಣವೂ ಇತ್ತು. ಸಣ್ಣ ನಿಲ್ದಾಣಗಳ ಮುಂದಿನ ಜಾಗಕ್ಕೂ ಅಂಥ ಗಮನ ಸಿಗಬೇಕೆಂದು ನಾವೆಲ್ಲ ಸೇರಿ ಕೇಳಬೇಕು.

ಇವುಗಳಿಂದ ನಾವು ಕಲಿತದ್ದು ಒಂದೇ. ಬರೀ ಓಡಿಸಿದರೆ ಗಾಡಿ ಪಕ್ಕದ ಓಣಿಗೆ ಹೋಗುತ್ತದೆ, ನಮ್ಮ ಕಲ್ಲುಗಳು ಮಾಡಿದ ಹಾಗೆ. ‘ಇಲ್ಲಿ ಬೇಡ’ ಎನ್ನುವವರು ‘ಅಲ್ಲಿ ಇಡಿ’ ಎಂದು ಒಂದು ಜಾಗವನ್ನೂ ತೋರಿಸಬೇಕು.

ಟೇಪು ಹಿಡಿದು ಅಳೆದೆವು

ಒಂದು ಭಾನುವಾರ ಹನ್ನೊಂದು ಮನೆಯವರೂ ನಮ್ಮ ಜಗಲಿಯಲ್ಲಿ ಸೇರಿದೆವು. ನೀಲಿ ಸ್ಕೂಟರಿನ ನರ್ಸಮ್ಮನನ್ನೂ, ದಿನವೂ ಗಾಡಿ ಇಡುವ ಇನ್ನು ನಾಲ್ಕೈದು ಮಂದಿಯನ್ನೂ ಕರೆದೆವು. ‘ಅವರನ್ನು ಯಾಕೆ ಕರೆಯುವುದು?’ ಎಂದು ಕೆಲವರು ಕೇಳಿದರು. ಬಂದ ಮೇಲೆ ಅವರಲ್ಲಿ ಇಬ್ಬರು ನಮ್ಮ ನೆರೆಯ ಇಗರ್ಜಿಯವರೇ ಎಂದು ತಿಳಿಯಿತು. ಒಬ್ಬರು ನಮ್ಮ ಮದುವೆಗೆ ಅಡಿಗೆ ಮಾಡಿದವರ ಮೊಮ್ಮಗ.

ಎಲ್ಲರ ಎದುರಿಗೆ ಟೇಪು ಹಿಡಿದು ಓಣಿ ಅಳೆದೆವು. ಅಗಲ ನಾಲ್ಕು ಮೀಟರ್. ಸಾಧಾರಣ ಸಣ್ಣ ಕಾರಿನ ಅಗಲ ಒಂದೂ ಮುಕ್ಕಾಲು ಮೀಟರಿನ ಆಸುಪಾಸು. ಒಂದು ಬದಿಗೆ ಪಾಗಾರಕ್ಕೆ ಒತ್ತಿ ನಿಲ್ಲಿಸಿದರೂ ಉಳಿಯುವುದು ಎರಡೂ ಕಾಲು ಮೀಟರ್. ಆಂಬುಲೆನ್ಸ್ ಹೇಗೋ ನುಸುಳಬಹುದು. ಸುಮಾರು ಎರಡೂವರೆ ಮೀಟರ್ ಅಗಲದ ಅಗ್ನಿಶಾಮಕ ವಾಹನ ಬರುವುದೇ ಇಲ್ಲ. ಬೈಕಿನ ಕಥೆ ಬೇರೆ. ಅಡ್ಡಕ್ಕೆ ನಿಲ್ಲಿಸಿದರೆ ಅದರ ಉದ್ದ ಎರಡು ಮೀಟರ್, ಅಂದರೆ ಕಾರಿಗಿಂತಲೂ ಹೆಚ್ಚು ಜಾಗ ತಿನ್ನುತ್ತದೆ. ಪಾಗಾರದ ಉದ್ದಕ್ಕೆ ಒಂದರ ಹಿಂದೆ ಒಂದು ನಿಲ್ಲಿಸಿದರೆ ಮುಕ್ಕಾಲು ಮೀಟರ್ ಸಾಕು, ಮೂರು ಮೀಟರಿಗೂ ಹೆಚ್ಚು ದಾರಿ ಉಳಿಯುತ್ತದೆ. ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದಾಗ ಎಲ್ಲರೂ ಸುಮ್ಮನಾದರು. ಅಷ್ಟು ದಿನ ಜಗಳದಿಂದ ಅರ್ಥವಾಗದ್ದು ಒಂದು ಟೇಪಿನಿಂದ ಅರ್ಥವಾಯಿತು.

ಓಣಿಯ ಹಿಂದೆ ಹತ್ತು ಸೆಂಟ್ಸ್ ಖಾಲಿ ಜಾಗವಿದೆ, ಗಲ್ಫಿನಲ್ಲಿರುವ ಒಬ್ಬರದು. ಬಲ್ಲೆ ಬೆಳೆದು ಹಾವಿನ ಮನೆಯಾಗಿತ್ತು. ಹತ್ತು ಸೆಂಟ್ಸ್ ಎಂದರೆ ಸುಮಾರು 400 ಚದರ ಮೀಟರ್. ಅರ್ಧವನ್ನು ಓಡಾಟಕ್ಕೆ ಬಿಟ್ಟರೂ ನೂರು ಬೈಕ್ ನಿಲ್ಲುತ್ತವೆ. ಅವರಿಗೆ ಫೋನ್ ಮಾಡಿದೆವು. ‘ಜಾಗ ಶುಚಿಯಾಗಿರುತ್ತದೆ ಎಂದಾದರೆ ಸಂತೋಷ’ ಎಂದರು. ಓಣಿಯ ಕೆಲಸವಿಲ್ಲದ ಹುಡುಗನೊಬ್ಬ ನೋಡಿಕೊಳ್ಳುತ್ತೇನೆ ಎಂದ. ಪಂಚಾಯತಿನಲ್ಲಿ ವಿಚಾರಿಸಿ ಬೇಕಾದ ಕಾಗದಪತ್ರ ಮಾಡಿಸಿದೆವು. ಈಗ ಬೈಕಿಗೆ ದಿನಕ್ಕೆ ಹತ್ತು ರೂಪಾಯಿ, ತಿಂಗಳಿಗಾದರೆ ಇನ್ನೂರು. ಮಳೆಗೆ ಒಂದು ಬದಿಗೆ ಶೀಟ್ ಹಾಕಿಸಿದ್ದಾನೆ. ಬಂದ ಹಣದಲ್ಲಿ ಸ್ವಲ್ಪ ಅಂಶ ಓಣಿಯ ದೀಪಕ್ಕೆ ಹೋಗುತ್ತದೆ.

ಪಂಚಾಯತಿಗೆ ಕೊಟ್ಟ ಅರ್ಜಿಯಲ್ಲಿ ಮೂರು ವಿಷಯ ಕೇಳಿದ್ದೇವೆ: ಓಣಿಯ ಒಂದು ಬದಿಗೆ ಮಾತ್ರ ಪಾರ್ಕಿಂಗ್, ಬಾಯಿಯ ತಿರುವಿನಲ್ಲಿ ಅಧಿಕೃತ ನಿಷೇಧ ಫಲಕ, ನಿಲ್ದಾಣದ ಬಳಿಯ ಜಾಗದ ವಿಸ್ತರಣೆಗೆ ರೈಲ್ವೆಗೆ ಶಿಫಾರಸು. ಅರ್ಜಿಯನ್ನು ಕನ್ನಡದಲ್ಲೇ ಬರೆದೆವು. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ನಮ್ಮಂಥ ಕನ್ನಡಿಗ ಅಲ್ಪಸಂಖ್ಯಾತರಿಗೆ ಆ ಹಕ್ಕನ್ನು ಕೊಟ್ಟಿದೆ, ಬಳಸದೆ ಇದ್ದರೆ ತುಕ್ಕು ಹಿಡಿಯುತ್ತದೆ. ವಾರ್ಡಿನ ಗ್ರಾಮಸಭೆಯಲ್ಲೂ ವಿಷಯ ಎತ್ತಿದೆವು. ಫಲಕ ಬಂದಿದೆ. ಉಳಿದ ಎರಡಕ್ಕೆ ಇನ್ನೂ ಓಡಾಡುತ್ತಿದ್ದೇವೆ. ಕಾರುಗಳ ತೊಂದರೆ ಪೂರ್ತಿ ತೀರಿಲ್ಲ. ಆದರೆ ಓಣಿಯ ಒಳಗೆ ಈಗ ಆಂಬುಲೆನ್ಸ್ ಬರುತ್ತದೆ.

ನಮ್ಮ ಭಾನುವಾರಗಳು

ಇಷ್ಟಾದ ಮೇಲೆ ನಾವು ಸ್ವಲ್ಪ ಹೆಮ್ಮೆಯಿಂದಲೇ ಓಡಾಡುತ್ತಿದ್ದೆವು. ಒಂದು ದಿನ ನಮ್ಮ ಇಗರ್ಜಿಯ ಎದುರು ರಸ್ತೆಯಲ್ಲಿ ಮನೆಯಿರುವ ಹಾಜಿಯವರು ಮೀನು ಮಾರ್ಕೆಟಿನಲ್ಲಿ ಸಿಕ್ಕರು. ನಮ್ಮ ಸಾಹಸವನ್ನೆಲ್ಲ ವಿವರಿಸಿದೆವು. ನಗುತ್ತಾ ಕೇಳಿದರು. ಆಮೇಲೆ, ‘ಒಳ್ಳೆಯದಾಯಿತು ಪೊರ್ಬುಗಳೇ. ನಾನು ಭಾನುವಾರ ಏಳೂವರೆಯಿಂದ ಒಂಬತ್ತರವರೆಗೆ ಗೇಟು ತೆರೆಯುವುದೇ ಇಲ್ಲ. ಅಭ್ಯಾಸ ಆಗಿದೆ,’ ಎಂದರು.

ಕೊಂಕಿನಲ್ಲಿ ಹೇಳಲಿಲ್ಲ. ಅದೇ ಹೆಚ್ಚು ಚುಚ್ಚಿತು. ಎಷ್ಟು ವರ್ಷಗಳಿಂದ ಪೂಜೆಗೆ ತಡವಾಯಿತೆಂದು ಅವರ ಗೇಟಿನ ಮುಂದೆ ನಮ್ಮದೇ ಕಾರು ನಿಲ್ಲಿಸಿ ಓಡಿದ್ದೇವೋ! ಮದುವೆ, ಮರಣ, ಹಬ್ಬ ಎಂದರೆ ಆ ರಸ್ತೆಯ ಮನೆಗಳವರು ದಿನವಿಡೀ ಬಂಧಿಗಳು. ಒಬ್ಬರೂ ನಮ್ಮ ಚಕ್ರದ ಗಾಳಿ ಬಿಟ್ಟಿಲ್ಲ.

ಈ ವಿಷಯವನ್ನು ಪಾಲನಾ ಮಂಡಳಿಯ ಸಭೆಯಲ್ಲಿ ಇಟ್ಟೆವು. ಧರ್ಮಗುರುಗಳು ತಕ್ಷಣ ಒಪ್ಪಿದರು. ಈಗ ಭಾನುವಾರ ಯುವಕರಿಬ್ಬರು ರಸ್ತೆಯಲ್ಲಿ ನಿಂತು ಗಾಡಿಗಳನ್ನು ಶಾಲೆಯ ಮೈದಾನಕ್ಕೆ ಕಳುಹಿಸುತ್ತಾರೆ. ಮೈದಾನದಿಂದ ಇಗರ್ಜಿಗೆ ಐದು ನಿಮಿಷದ ನಡಿಗೆ. ಗೊಣಗುವವರು ಇದ್ದಾರೆ. ಐದು ನಿಮಿಷ ಮೊದಲೇ ಮನೆ ಬಿಟ್ಟರೆ ಗೊಣಗಾಟಕ್ಕೂ ಸಮಯ ಸಿಗುತ್ತದೆ.

ನಿಮ್ಮ ಓಣಿಗೂ ಈ ಕಷ್ಟ ಬಂದಿದ್ದರೆ

ನಮ್ಮ ಅನುಭವದಿಂದ ಕೆಲವು ಮಾತು ಹೇಳುತ್ತೇವೆ.

ಗಾಡಿ ಇಡುವವರಿಗೆ: ಗೇಟಿನ ಮುಂದೆ, ತಿರುವಿನಲ್ಲಿ, ಎದುರಿಗೆ ಇನ್ನೊಂದು ಗಾಡಿ ಇರುವಲ್ಲಿ ಇಡಬೇಡಿ. ಬೈಕನ್ನು ಅಡ್ಡಕ್ಕೆ ನಿಲ್ಲಿಸಬೇಡಿ. ದಿನವೂ ಇಡುವ ಜಾಗವಾದರೆ ಆ ಮನೆಯವರನ್ನು ಒಮ್ಮೆ ಮಾತನಾಡಿಸಿ, ಕೇಳಿ ಇಡಿ. ನಿಮ್ಮ ಫೋನ್ ನಂಬರನ್ನು ಆ ಮನೆಯವರ ಕೈಗೆ ಕೊಟ್ಟಿರಿ. ಹತ್ತು ರೂಪಾಯಿಯ ಸ್ಟ್ಯಾಂಡ್ ಹತ್ತಿರದಲ್ಲಿ ಇದ್ದರೆ ಹತ್ತು ರೂಪಾಯಿ ಉಳಿಸಲು ಹೋಗಬೇಡಿ.

ಮನೆಯವರಿಗೆ: ಕಲ್ಲು, ಕಂಬ, ಮೊಳೆ ಬೇಡ. ಗಾಳಿ ಬಿಡುವುದಂತೂ ಬೇಡವೇ ಬೇಡ, ಅದು ಅಪರಾಧ. ನಿಮ್ಮ ಗಾಡಿಯನ್ನು ಮೊದಲು ನಿಮ್ಮ ಅಂಗಳದ ಒಳಗಿಡಿ. ಅಂಗಳದಲ್ಲಿ ಶೆಡ್ ಕಟ್ಟಿ, ಅದರಲ್ಲಿ ಹಳೆಯ ಸಾಮಾನು ತುಂಬಿ, ಕಾರನ್ನು ರಸ್ತೆಯಲ್ಲಿ ನಿಲ್ಲಿಸುವವರಿಗೆ ಇನ್ನೊಬ್ಬರನ್ನು ದೂರುವ ಹಕ್ಕಿಲ್ಲ. ನಿಜವಾಗಿ ದಾರಿ ಕಟ್ಟಿದರೆ ಫೋಟೋ ತೆಗೆದು ಠಾಣೆಗೆ ತಿಳಿಸಿ. ತುರ್ತು ಇದ್ದರೆ 112ಕ್ಕೆ ಕರೆ ಮಾಡಿ.

ಎಲ್ಲರಿಗೂ: ಒಬ್ಬೊಬ್ಬರೇ ಜಗಳಾಡುವುದಕ್ಕಿಂತ ಓಣಿಯವರೆಲ್ಲ ಸೇರಿ ಒಂದು ಅರ್ಜಿ ಕೊಡುವುದು ಮೇಲು. ಅರ್ಜಿ ಕೊಡುವ ಮೊದಲು ಟೇಪು ಹಿಡಿದು ಓಣಿ ಅಳೆಯಿರಿ. ಹತ್ತಿರದಲ್ಲಿ ಯಾರದಾದರೂ ಖಾಲಿ ಜಾಗ ಉಂಟೇ ನೋಡಿ.

ಜಗಲಿಯ ಆ ಸಭೆ ಮುಗಿದ ದಿನ ಎಲ್ಲರೂ ಹೊರಟ ಮೇಲೆ ನರ್ಸಮ್ಮನನ್ನು ಸ್ವಲ್ಪ ನಿಲ್ಲಿಸಿಕೊಂಡೆವು. ಹೇಳದೆ ಇರಲು ಆಗಲಿಲ್ಲ. ‘ಅಂದು ನಿನ್ನ ಸ್ಕೂಟರಿನ ಗಾಳಿ ಬಿಟ್ಟದ್ದು ನಾವೇ ಮಗಾ,’ ಎಂದೆವು.

ಅವಳು ನಕ್ಕಳು. ‘ಗೊತ್ತಿತ್ತು ಆಂಟಿ. ನಾನು ಕೇಳುವ ಮೊದಲೇ ನೀವು ಪಂಪ್ ತಂದಿದ್ದಿರಿ.’

ಈಗ ಅವಳ ಸ್ಕೂಟರ್ ಹಿಂದಿನ ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ಸಂಜೆ ರೈಲು ಇಳಿದು ಬರುವಾಗ ಒಮ್ಮೊಮ್ಮೆ ಓಣಿಯ ಕೊನೆಯವರೆಗೂ ಹೋಗಿ ಅಜ್ಜಿಯ ಬಿಪಿ ನೋಡಿ ಹೋಗುತ್ತಾಳೆ. ನಮ್ಮ ಮಗ ಬೊಮ್ಮಸಂದ್ರದಲ್ಲಿ ತಿಂಗಳ ಪಾಸ್ ಮಾಡಿಸಿ ಬೈಕನ್ನು ಸ್ಟ್ಯಾಂಡಿನಲ್ಲಿ ಇಡುತ್ತಿದ್ದೇನೆ ಎಂದು ಹೇಳಿದ್ದಾನೆ. ಮುಂದಿನ ಸಲ ಹೋದಾಗ ನೋಡಿ ಬರಬೇಕು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.